ಸ್ಟೆಪ್ನಿ ಇಲ್ಲದ ಕಾರು

ಡಿಕ್ಕಿಯ ಹಾಸು ಎತ್ತಿದರೆ
ಇರಬೇಕಾದಲ್ಲಿ ಇರಲಿಲ್ಲ ಐದನೆಯ ಚಕ್ರ.
ದುಂಡನೆಯ ಗುಂಡಿಯಲ್ಲಿ ಥರ್ಮಾಕೋಲಿನ ತೊಟ್ಟಿಲು,
ತೊಟ್ಟಿಲಲ್ಲಿ ಒಂದು ಬಾಟಲಿ, ಒಂದು ಪುಟ್ಟ ಪಂಪು.
"ತೂಕ ಕಮ್ಮಿ, ಮೈಲೇಜ್ ಜಾಸ್ತಿ ಮೇಡಂ" ಅಂದಿದ್ದ
ಷೋರೂಮಿನ ಹುಡುಗ. ತಲೆಯಾಡಿಸಿದ್ದೆ ನಾನೂ,
ಬಿಳಿಯೋ ಬೂದಿಯೋ ಎಂಬ ಯೋಚನೆಯಲ್ಲಿ.

ಈಗ ಸುಮನಹಳ್ಳಿ ಮೇಲ್ಸೇತುವೆಯ ನೆತ್ತಿ.
ರಾತ್ರಿ ಹತ್ತೂ ಮುಕ್ಕಾಲು.
ಲಾರಿ ಹಾಯ್ದಾಗೆಲ್ಲ ಸೇತುವೆ ಮೈ ಅದುರಿಸುತ್ತದೆ
ನೊಣ ಕೂತ ಎಮ್ಮೆಯ ಹಾಗೆ.
ಹಿಂದಿನ ಎಡಗಾಲಿ ಚಪಾತಿ.
ತಡೆಗೋಡೆಗೆ ಒರಗಿ ಪಂಕಜಾಕ್ಷಿ,
ನನ್ನ ಓರಗಿತ್ತಿ.
ಹನ್ನೊಂದು ವರ್ಷದಿಂದ ನಮಗೆ ಮಾತಿಲ್ಲ.

ಕೆಂಗೇರಿಯ ನಾಮಕರಣ ಮುಗಿದು ಆಟೋ ಸಿಗದೆ ನಿಂತಿದ್ದಳು.
ಯಾರೋ ಹಿರಿಯರು "ಒಂದೇ ದಾರಿ ತಾನೇ" ಎಂದು
ನನ್ನ ಕಾರಿನ ಬಾಗಿಲು ತೆಗೆದು ತಳ್ಳಿಬಿಟ್ಟರು.
ಹಿಂದಿನ ಬಾಗಿಲು. ಗಮನಿಸಿ.
ನಾನು ಡ್ರೈವರು, ಅವಳು ಸವಾರಿ.

ಜಗಳ ಯಾತಕ್ಕೆಂದರೆ ಹೇಳಲು ನಾಚಿಕೆ:
ಅತ್ತೆಯ ಹೊಲಿಗೆ ಮಷೀನು.
ನನಗೆ ಅಂತ ಅವರು ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು,
ಅವಳಿಗೆ ಅಂತ ಹೇಳಿದ್ದು ಅವಳ ಕಿವಿಗೆ.
ಕಡೆಗೆ ಮೆಟ್ಟಿಲ ಕೆಳಗೆ ತುಕ್ಕು ಹಿಡಿದು
ಗುಜರಿಯವನ ತಕ್ಕಡಿಗೆ ಹೋಯಿತು,
ಮುನ್ನೂರ ನಲವತ್ತು ರೂಪಾಯಿಗೆ.

ಬಾಟಲಿಯ ಮೇಲೆ ಸಾಸಿವೆಕಾಳಿನಷ್ಟು ಅಕ್ಷರ.
ಓದುವ ಕನ್ನಡಕ ಮನೆಯಲ್ಲಿ.
ಮೊಬೈಲ್ ಟಾರ್ಚಿಗೆ ದೂರ ಹಿಡಿದೆ, ಹತ್ತಿರ ಹಿಡಿದೆ,
ಒಂದು ಕೈ ಬಂದು ಬಾಟಲಿ ಕಸಿಯಿತು.
ಜಾಲಹಳ್ಳಿಯ ವಾಚ್ ಫ್ಯಾಕ್ಟರಿಯಲ್ಲಿ
ಇಪ್ಪತ್ತಾರು ವರ್ಷ ಮುಳ್ಳು ಕೂರಿಸಿದ ಕೈ.
ಓದಿದಳು, ಇಂಗ್ಲಿಷನ್ನು ಕನ್ನಡ ಮಾಡುತ್ತ,
ನನಗಲ್ಲ, ಹಾದುಹೋಗುವ ಲಾರಿಗಳಿಗೆ:
ಚೆನ್ನಾಗಿ ಕುಲುಕಿ.
ಚುಚ್ಚಿಕೊಂಡ ಮೊಳೆ ಕೀಳಬೇಡಿ.
ಟೈರಿನ ಪಕ್ಕೆ ಸೀಳಿದ್ದರೆ ಪ್ರಯೋಜನವಿಲ್ಲ.
ತುಂಬಿದ ಕೂಡಲೇ ಹೊರಡಿ, ನಿಂತರೆ
ದ್ರವ ತಳದಲ್ಲೇ ಕೂರುತ್ತದೆ.
ಆಮೇಲೆ ನನ್ನ ಕಡೆ ತಿರುಗಿ,
"ಡೇಟು ಮುಗಿದು ಎಂಟು ತಿಂಗಳಾಗಿದೆ."

ಹನ್ನೊಂದು ವರ್ಷದ ಮೇಲೆ ಮೊದಲ ಮಾತು, ಇದು.

ಪಂಪು ಗರ್ರೆಂದಿತು.
ಪೈಪಿನೊಳಗೆ ಬಿಳಿ ಹಾಲು ತೆವಳಿತು.
ಮುಳ್ಳು ಏರಿತು, ಐವತ್ತು, ಅರವತ್ತು,
ಮತ್ತೆ ಧೊಪ್ಪನೆ ಕೆಳಗೆ.
"ಹೋಯ್ತು" ಅಂದೆ.
"ಬಾಯಿ ಮುಚ್ಚು. ಹಾಲು ಇಳಿದ ಮೇಲೆ ತಾನೇ ಗಾಳಿ" ಅಂದಳು,
ರೇಷ್ಮೆ ಸೀರೆ ಮಂಡಿಯವರೆಗೆ ಎತ್ತಿ
ಕುಕ್ಕರಗಾಲಲ್ಲಿ ಕೂತು, ಮುಳ್ಳಿನಿಂದ ಕಣ್ಣು ಕೀಳದೆ.
ಹತ್ತು.
ಹದಿನೇಳು. ಅಲ್ಲೇ ತುಂಬ ಹೊತ್ತು ಹದಿನೇಳು.
ಇಪ್ಪತ್ತಾರು.
ಮೂವತ್ತೆರಡು.

"ನಡಿ ನಡಿ, ನಿಲ್ಲಬಾರದಂತೆ"
ಎಂದವಳು ಓಡಿಬಂದು ಮುಂದೆ ಕೂತಳು.
ಸೆರಗಿನ ತುದಿ ಬಾಗಿಲಿಗೆ ಸಿಕ್ಕಿ
ದಾರಿಯುದ್ದಕ್ಕೂ ಹೊರಗೆ ಪಟಪಟಿಸಿತು.
"ಹಂಪು."
"ಕಂಡಿತು."
"ಎಂಬತ್ತು ದಾಟಬಾರದಂತೆ."
"ಈ ರಿಂಗ್ ರೋಡಲ್ಲಿ ನಲವತ್ತು ಬಂದರೆ ಪುಣ್ಯ."
ಮಷೀನಿನ ಮಾತು ಅವಳೂ ಎತ್ತಲಿಲ್ಲ, ನಾನೂ.
ನಂದಿನಿ ಲೇಔಟಿನ ತಿರುವು, ಅವಳದು, ಬಂತು.
ಇಬ್ಬರೂ ನೋಡಿದೆವು. ಹೋಯಿತು.

ಗೊರಗುಂಟೆಪಾಳ್ಯದಲ್ಲಿ ಇನಾಯತ್ ಪಂಚರ್ ಅಂಗಡಿ
ಅರ್ಧ ಶಟರ್ ಎಳೆದು ಊಟಕ್ಕೆ ಕೂತಿತ್ತು.
ಕೈ ತೊಳೆದು ಬಂದು ಟೈರು ಬಿಚ್ಚಿದ.
ಗಟ್ಟಿ ಮೊಸರಿನ ಹಾಗೆ ಸುರಿಯಿತು ಅವನ ಪಾದಕ್ಕೆ.
"ಅಯ್ಯಯ್ಯೋ, ಇದು ರಿಪೇರಿ ಅಲ್ಲಮ್ಮ,
ನನ್ನ ಅಂಗಡಿಗೆ ಬಸ್ ಚಾರ್ಜು ಅಷ್ಟೆ.
ತೊಳೆಯೋಕೇ ನೂರೈವತ್ತು ಬೇರೆ ಆಗತ್ತೆ."
ಬೆರಳುದ್ದದ ಮೊಳೆ ಕಿತ್ತು
ಬೋರ್ನ್‌ವಿಟಾ ಡಬ್ಬಿಯಲ್ಲಿ ಠಣ್ಣೆನಿಸಿದ.
"ಯಾರು ಹಾಕಿದ್ದು ಈ ಹಾಲನ್ನ?"

ನಾನು ಅವಳ ಕಡೆ ಬೆರಳು ತೋರಿಸಿದೆ.
ಅವಳು ನನ್ನ ಕಡೆ.